ಗಾಡಿ ಕಾಯುವ ಮೂರು ನಿಮಿಷ

ಮೋರಟಗಿಯ ಮಂಜೂರನಿಗೆ ಗಾಡಿ ಕಲಿಸಿದ ಉಸ್ತಾದ ಒಂದೇ ಮಾತನ್ನು ಸಾರಿ ಸಾರಿ ಹೇಳಿದ್ದ: ಚಳಿಯಲ್ಲಿ ಡೀಸೆಲ್ ಇಂಜಿನ್ನು ಕಾಯದೆ ಗಾಡಿ ಬಿಡಬಾರದು. ಹದಿನೆಂಟು ವರ್ಷ ಮಂಜೂರ ಅದನ್ನು ಮುರಿದಿರಲಿಲ್ಲ. ಅವನ ಹಳೆಯ ಬಾಡಿಗೆ ಕಾರು ಒಮ್ಮೆಯೂ ನಡುದಾರಿಯಲ್ಲಿ ಕೈಕೊಟ್ಟಿರಲಿಲ್ಲ.

ಡಿಸೆಂಬರಿನ ಒಂದು ನಸುಕಿನಲ್ಲಿ ಪಕ್ಕದ ಮನೆಯ ಪರಸಪ್ಪ ಬಾಗಿಲು ಬಡಿದ.

"ಮಂಜೂರ, ಲಗೂನ ಏಳಪಾ! ನಿಮ್ಮ ಕಾಕಿಗಿ ಎದಿ ಹಿಡದೈತಿ."

ಮಂಜೂರ ಓಡಿಹೋಗಿ ಚಾವಿ ತಿರುಗಿಸಿದ. ಇಂಜಿನ್ನು ಕೆಮ್ಮಿ, ನಡುಗಿ, ಹೊತ್ತಿಕೊಂಡಿತು. ಪರಸಪ್ಪ ತನ್ನ ಹೆಂಡತಿ ಚಂದವ್ವನನ್ನು, ಮಂಜೂರನ ಹೆಂಡತಿ ನಿಷತಳ ಜೊತೆ ಸೇರಿ, ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದ. ಪರಸಪ್ಪ ಹತ್ತಿ ಬಾಗಿಲು ಹಾಕಿಕೊಂಡ. ಆದರೂ ಮಂಜೂರ ಗೇರು ಹಾಕಲಿಲ್ಲ. ಕಣ್ಣು ಇಂಜಿನ್ನಿನ ಬಿಸಿ ತೋರುವ ಮೀಟರಿನ ಮುಳ್ಳಿನ ಮೇಲಿಟ್ಟು ಸುಮ್ಮನೆ ಕೂತ. ಯಾಕೆಂದು ಅವನಿಗೇ ತಿಳಿಯಲಿಲ್ಲ. ಮೈ ತನ್ನ ರೂಢಿಯನ್ನು ತಾನು ನಡೆಸಿತ್ತು. ಹಾಗೆಯೇ ಮೂರು ನಿಮಿಷ ಕಳೆಯಿತು.

"ನಡೀರಿ ಅಂದ್ರ!" ಎಂದು ನಿಷತ ಗಾಜು ಬಡಿದಾಗ ಗಾಡಿ ಹೊರಟಿತು.

ಸಿಂದಗಿಯ ಆಸ್ಪತ್ರೆ ಇನ್ನೆರಡು ಮೈಲಿ ಇರುವಾಗ ಚಂದವ್ವನ ಉಸಿರು ನಿಂತಿತು.

ಮಂಜೂರ ಮಣ್ಣಿಗೆ ಹೋದ, ಗುಂಡಿಗೆ ಮೂರು ಹಿಡಿ ಹಾಕಿದ, ಮನೆಗೆ ಬಂದು ಮಿಂದು ರೊಟ್ಟಿ ತಿಂದ. ಅವನು ಸಣ್ಣವನಿದ್ದಾಗ ತಾಯಿ ಕೂಲಿಗೆ ಹೋದರೆ ಊದಿ ಊದಿ ಉಣಿಸಿ ಮಲಗಿಸುತ್ತಿದ್ದವಳು ಚಂದವ್ವ. ಅದನ್ನು ನೆನೆದರೂ ಒಳಗೆ ಏನೂ ಅಲುಗಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿಕೊಂಡಂತಿತ್ತು. ಮರುದಿನದಿಂದ ಚಾವಿ ತಿರುಗಿಸಿದವನೇ ಗಾಡಿ ಬಿಡತೊಡಗಿದ. ಊರು ದಾಟುವವರೆಗೂ ಅದು ತಡವರಿಸುತ್ತಿತ್ತು. ಅವನು ಲೆಕ್ಕಿಸಲಿಲ್ಲ.

"ಏನಾಗೈತ್ರಿ ನಿಮಗ?" ಎಂದಳು ನಿಷತ.

"ಏನೂ ಆಗಿಲ್ಲ."

ಹನ್ನೆರಡನೆಯ ದಿನ ಪರಸಪ್ಪ ಬಂದ. ಮರಣದ ದಾಖಲೆ ಮಾಡಿಸಲು ಸಿಂದಗಿಗೆ ಹೋಗಬೇಕಿತ್ತು. ಮುಂದಿನ ಸೀಟಿನಲ್ಲೇ ಕೂತ. ತೊಗರಿಯ ಹೊಲಗಳು ಹಿಂದೆ ಸರಿದವು. ದಾರಿಯ ಮೇಲಿಂದ ಕಣ್ಣು ತೆಗೆಯದೆ ಮಂಜೂರ ಹೇಳಿದ:

"ಕಾಕಾ, ಅವತ್ತ ನಾ ಗಾಡಿ ಕಾಸ್ಕೋತ ಕುಂತಿದ್ದೆ. ಮೂರ ನಿಮಿಷ."

"ಗೊತ್ತೈತಿ. ನಾನೂ ಒಳಗ ಇದ್ನಲ್ಲ."

ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ಮಂಜೂರ ವೇಗ ಇಳಿಸಿದ.

"ಹಿಂದಿನ ದಿನಾ ಸಂಜಿಮುಂದನ ಎದಿ ನೋಯಾಕತ್ತೈತಿ ಅಂದಿದ್ಲು," ಎಂದ ಪರಸಪ್ಪ. "ಗ್ಯಾಸ್ ಇರಬೇಕ, ಅಜವಾನ ತಿಂದು ಮಲಕೋ ಅಂದೆ. ರಾತ್ರಿಯೆಲ್ಲಾ ಹೊಳ್ಳ್ಯಾಡಿದ್ಲು. ನಾ ನಿದ್ದಿ ಮಾಡಿದೆ."

ಮಂಜೂರ ಟ್ರ್ಯಾಕ್ಟರನ್ನು ದಾಟಿ ಗಾಡಿಯನ್ನು ಸಿಂದಗಿಯತ್ತ ಓಡಿಸಿದ.

ಕಚೇರಿಯಲ್ಲಿ ಕಾರಕೂನ ಹೆಸರು, ವಯಸ್ಸು ಬರೆದುಕೊಂಡು ಕೇಳಿದ: "ತೀರಿಕೊಂಡದ್ದು ಎಷ್ಟೊತ್ತಿಗೆ?"

ಪರಸಪ್ಪ ಮಂಜೂರನ ಕಡೆ ನೋಡಿದ.

"ಐದೂವರಿಗ್ರಿ," ಎಂದ ಮಂಜೂರ.

ಹೊರಗೆ ಬಂದು ಚಹಾ ತಗೊಂಡರು. ಪರಸಪ್ಪ ಬಸಿಗೆ ಸುರಿದುಕೊಂಡ ಬಿಸಿ ಚಹಾ ಧೋತರದ ಮೇಲೆ ತುಳುಕಿತು. ಮಂಜೂರ ಅವನ ಕೈಯಿಂದ ಬಸಿ ಇಸಿದುಕೊಂಡು, ಎರಡು ಸಲ ಊದಿ, ಅವನ ಬಾಯಿಯ ಹತ್ತಿರ ಹಿಡಿದ. ಪರಸಪ್ಪ ಕುಡಿದ.