ಅಡ್ಡಗೋಡೆ ಮತ್ತು ಮೂರು ಫ್ಯಾನುಗಳು

ಪ್ರಭುವಿನ ಕಂಪ್ಯೂಟರು ಮದುವೆಯ ವಿಡಿಯೊ ತಯಾರಿಸಲು ಶುರುಮಾಡಿದರೆ ಸಂಶಿ ಊರಿನ ಆ ಮನೆಯೊಳಗೆ ಹಿಟ್ಟಿನ ಗಿರಣಿ ಹೊಕ್ಕಂತಾಗುತ್ತಿತ್ತು. ಬಿಡಿಭಾಗಗಳನ್ನು ಹುಬ್ಬಳ್ಳಿಯಿಂದ ತಂದು ಅವನೇ ಕೂಡಿಸಿದ ಯಂತ್ರ. ಒಳಗಿನ ಬಿಸಿ ತೊಂಬತ್ತು ಡಿಗ್ರಿ ದಾಟಿದೊಡನೆ ಮೂರೂ ಫ್ಯಾನುಗಳು ಒಟ್ಟಿಗೆ ಒದರುತ್ತಿದ್ದವು.

ಅವನ ಹೆಂಡತಿ ಐಶ್ವರ್ಯ ಗಂಡನೊಂದಿಗೆ ಮಾತಾಡುತ್ತಿದ್ದುದು ಆಗ ಮಾತ್ರ. ಅವರ ಕೋಣೆಗೂ ಪಡಸಾಲೆಗೂ ನಡುವೆ ಇದ್ದದ್ದು ಆಳೆತ್ತರದ ಅಡ್ಡಗೋಡೆ. ಅದರ ಮೇಲೆ ಮಾಳಿಗೆಯವರೆಗೆ ಬರೀ ಗಾಳಿ. ಆಚೆ ಮಾವ ಮಡಿವಾಳೆಪ್ಪ ಊಟವಾದ ಮೇಲೆ ಹೊರಸಿನ ಮೇಲೆ ಅಡ್ಡಾಗುತ್ತಿದ್ದರು, ಅತ್ತೆ ಗೌರಕ್ಕ ಕಾಳು ಹಸನು ಮಾಡುತ್ತಿದ್ದರು. ಹೀಗಾಗಿ ಇವರ ಸಂಸಾರದ ಜಗಳ, ರಾಜಿ ಎಲ್ಲವೂ ಬೇರೆಯವರ ಮದುವೆಯ ವಿಡಿಯೊ ತಯಾರಾಗುವ ಹೊತ್ತಿನಲ್ಲೇ ನಡೆದವು. ಲಗ್ನದ ಹಂಗಾಮಿನಲ್ಲಿ ಇಬ್ಬರೂ ಅನ್ಯೋನ್ಯವಾಗಿರುತ್ತಿದ್ದರು. ಆಷಾಢದಲ್ಲಿ ಮಾತು ಕಮ್ಮಿ.

ಐಶ್ವರ್ಯಳಿಗೆ ಧಾರವಾಡದಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ಸೇರಲು ಶುಕ್ರವಾರ ಕಡೆಯ ದಿನ. ಮಾವನ ಎದುರು ಗಂಡ ಮಾತಾಡಿದರೆ ಓದು ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪನಿಗೆ ತಾನೇ ಹೇಳುತ್ತೇನೆಂದು ಪ್ರಭು ಎರಡು ಮದುವೆ, ಒಬ್ಬ ಬಸುರಿಯ ಕುಬಸದ ವಿಡಿಯೊ ಮುಗಿಯುವವರೆಗೂ ಅವಳಿಗೆ ಹೇಳುತ್ತಲೇ ಇದ್ದ.

ಬುಧವಾರ ಮಡಿವಾಳೆಪ್ಪ ಮಗನನ್ನು ಕರೆದು, ಆ ಸಪ್ಪಳ ಬಂದ್ ಆಗಬೇಕು, ಇಲ್ಲವೇ ಯಂತ್ರ ದನದ ಕೊಟ್ಟಿಗೆಗೆ ಹೋಗಬೇಕು ಎಂದರು.

ಇಂಥ ಕೆಲಸದಲ್ಲಿ ಪ್ರಭು ಧೈರ್ಯಸ್ಥ. ಪೆಟ್ಟಿಗೆ ಬಿಚ್ಚಿ, ರೆಕ್ಕೆಗಳಿಗೆ ಮೆತ್ತಿದ್ದ ಎರೆಮಣ್ಣಿನ ಧೂಳನ್ನು ಬ್ರಷ್ಷಿನಿಂದ ತೆಗೆದ. ಪ್ರೊಸೆಸರಿನ ಮೇಲೆ ಒಣಗಿದ್ದ, ಬಿಸಿ ಸಾಗಿಸುವ ಪೇಸ್ಟನ್ನು ಒರೆಸಿ ಹೊಸದು ಹಚ್ಚಿದ. ಸಣ್ಣ ಫ್ಯಾನುಗಳನ್ನು ಕಿತ್ತು, ನಿಧಾನ ತಿರುಗುವ ದೊಡ್ಡವನ್ನು ಕೂರಿಸಿದ. ಗುರುವಾರ ಮಧ್ಯಾಹ್ನ ಇದ್ದುದರಲ್ಲೇ ಉದ್ದನೆಯ ಮದುವೆಯನ್ನು ಹಚ್ಚಿ ನೋಡಿದ. ಎಪ್ಪತ್ತೊಂದು ಡಿಗ್ರಿ. ಆಚೆ ಗೌರಕ್ಕನ ಮೊರದಲ್ಲಿ ಹೆಸರುಕಾಳು ಹೊರಳುವುದು ಕೇಳಿಸಿತು.

ಅವನು ಹೆಮ್ಮೆಯಿಂದ ಪರದೆಯ ಮೇಲಿನ ಅಂಕಿ ತೋರಿಸಿದ. ಐಶ್ವರ್ಯ ಅಂಕಿ ನೋಡಿದಳು, ಗೋಡೆ ನೋಡಿದಳು, ಅಪ್ಪನಿಗೆ ಹೇಳಿದಿರಾ ಎಂದು ಕೈಸನ್ನೆಯಲ್ಲಿ ಕೇಳಿದಳು. ಅವನು ಗಡಬಡಿಸಿ ಫ್ಯಾನುಗಳ ವೇಗವನ್ನು ಪೂರ್ತಿ ಏರಿಸಿದ. ಸೆರಗು ಸುಳಿದಷ್ಟು ಸದ್ದಾಯಿತು. ಕೆಲಸ ಅಷ್ಟು ಚೆನ್ನಾಗಿ ಆಗಿತ್ತು.

"ಪ್ರಭೂ," ಮಡಿವಾಳೆಪ್ಪನ ದನಿ ಗೋಡೆ ದಾಟಿ ಬಂತು. "ಈ ಬಿ.ಎಡ್. ಎಷ್ಟ ವರ್ಷದ್ದು?"

ಪ್ರಭು ಗೋಡೆಯ ಕಡೆ ತಿರುಗಿದ. "ನಿನಗ ಯಾರ್ ಹೇಳಿದ್ರು?"

"ನೀವ ಹೇಳೀರಿ. ಆ ಸಪ್ಪಳದಾಗ ನಿಮ್ಮ ಮಾತ ನಿಮಗ ಕೇಳಸ್ತಿದ್ದಿಲ್ಲ, ಒದರತಿದ್ರಿ. ಬಾಜೂಮನಿ ಫರಹತ್‌ಗೂ ಗೊತ್ತೈತಿ. ಎಷ್ಟ ವರ್ಷದ್ದು ಅನ್ನೂದೊಂದ ತಿಳೀಲಿಲ್ಲ."

"ಎಲ್ಲಾ ಕೇಳಸ್ತಿತ್ತೇನು?"

"ಕೇಳಬಾರದ್ದೂ ಕೇಳೇವಿ," ಎಂದರು ಗೌರಕ್ಕ.

ಐಶ್ವರ್ಯ ಸೆರಗು ಸರಿಮಾಡಿಕೊಂಡಳು. "ಎರಡ ವರ್ಷರಿ, ಮಾವಾರ."

"ನಾ ನಿನ್ನ ಕೇಳಿಲ್ಲ ಯವ್ವಾ. ಹೇಳ್ತೀನಿ ಅಂದಾಂವ ಅಂವ. ಅಂವ ಹೇಳ್ಲಿ."

ಪ್ರಭು ಪರದೆ ನೋಡಿದ. ಅರವತ್ತೊಂಬತ್ತು. ಎದ್ದು, ಗೋಡೆ ಬಳಸಿ ಹೋಗಿ, ಹೊರಸಿನ ಮುಂದೆ ನಿಂತ.

"ಐಶ್ವರ್ಯ ಬಿ.ಎಡ್. ಮಾಡ್ತಾಳ. ನಾಳಿ ಕರಕೊಂಡ ಹೊಂಟೇನಿ."

"ಹೊಂಟೇನಿ ಅಂತಿಯೋ, ಹೋಗ್ಲೇನು ಅಂತಿಯೋ?"

ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ.

"ಹೊಂಟೇನಿ."

ಮಡಿವಾಳೆಪ್ಪ ಇಷ್ಟು ಹೊತ್ತು ನಿದ್ದೆಯಲ್ಲಿದ್ದವರಂತೆ ಗೋಡೆಯ ಕಡೆ ಮಗ್ಗಲು ಹೊರಳಿದರು. "ಹೊಂಟಾಂವ ನನ್ನ ಯಾಕ ಎಬ್ಬಿಸಿದಿ?"