ತಂಪಿನ ಲೈಸೆನ್ಸು

ಸತ್ತವನ ಮನೆಯ ಕಿಟಕಿ ಸರಳುಗಳನ್ನು ಸುಂಕಪ್ಪ ಗರಗಸದಿಂದ ಕೊಯ್ಯುತ್ತಿದ್ದ. ಕಬ್ಬಿಣ ಕಿರುಗುಟ್ಟಿದಾಗಲೆಲ್ಲ ಒಳಗೆ ಹೆಂಗಸರ ಕುರಾನ್ ಓದು ಒಂದು ಕ್ಷಣ ನಿಂತು ಮತ್ತೆ ಮುಂದುವರಿಯುತ್ತಿತ್ತು.

ಬೆಳಗಿನ ನಮಾಜಿಗೆಂದು ಎದ್ದ ದಸ್ತಗೀರ್ ಸಾಬ್ ಹಾಸಿಗೆಯ ಅಂಚಿನಲ್ಲೇ ಕುಸಿದಿದ್ದ. ಎಂಬತ್ತಾರರ ಏಪ್ರಿಲ್, ರಾಯಚೂರಿನ ತಗಡಿನ ಸೂರುಗಳು ಒಂಬತ್ತಕ್ಕೇ ಕಾದಿದ್ದವು. ಮಧ್ಯಾಹ್ನದ ನಮಾಜಾದ ಕೂಡಲೇ ಮಣ್ಣು ಮಾಡಬೇಕೆಂದು ಮಸೀದಿಯ ಹಿರಿಯರಾದ ಬುರ್ಹಾನುದ್ದೀನ್ ಹೇಳಿದ್ದರು. ಆದರೆ ಒಬ್ಬಳೇ ಮಗಳು ಶಹಜಾದಿ ದೇವದುರ್ಗದ ಗಂಡನ ಮನೆಯಿಂದ ಬರಬೇಕಿತ್ತು. ಅಲ್ಲಿನ ಅಂಚೆ ಕಚೇರಿಯ ಫೋನಿಗೆ ಸುದ್ದಿ ಮುಟ್ಟಿದ್ದೇ ತಡವಾಗಿತ್ತು. ಅವಳು ಮುಖ ನೋಡುವತನಕ ಎತ್ತಬಾರದೆಂದು ದಸ್ತಗೀರನ ಹೆಂಡತಿ ಖಾಸಿಂ ಬೀ ಒಂದೇ ಮಾತು ಹಿಡಿದಿದ್ದಳು.

“ಈ ಬಿಸಿಲಾಗ ಮಯ್ಯತ್ತು ಎಷ್ಟೊತ್ತು ಇಡಾಕಾಗ್ತದ, ಸುಂಕಪ್ಪ?” ಎಂದರು ಬುರ್ಹಾನುದ್ದೀನ್.

“ಅದಕ್ಕ ನಮ್ಮ ಅಂಗಡ್ಯಾಗಿನ ಎ.ಸಿ. ತಂದೀನ್ರಿ ಚಾಚಾ. ದಸ್ತಗೀರ ಊರಿಗೆಲ್ಲ ತಂಪು ಮಾಡಿದಾಂವ, ಮನ್ಯಾಗ ಒಂದು ಕೂಲರ್ ಇಟ್ಕೊಳ್ಳಿಲ್ಲ.”

“ಅದನ್ನ ಹಚ್ಚಾಕ ನಿನಗ ಲೈಸೆನ್ಸ್ ಅದೇನು?”

“ಲೈಸೆನ್ಸಿನಾಂವ ಒಳಗ ಮಲಗ್ಯಾನ್ರಿ.”

ಸುಂಕಪ್ಪ ಮೀಟರಿನಿಂದ ಬೇರೆಯೇ ದಪ್ಪ ವೈರು ಎಳೆದ. ಅರ್ಥಿಂಗಿಗೆಂದು ಅಂಗಳದ ನೆಲಕ್ಕೆ ಕಬ್ಬಿಣದ ಸಲಾಕೆ ಹೊಡೆದು ಸುತ್ತ ನೀರು ಸುರಿದ. ಬೇಗ ಚಾಲೂ ಮಾಡೆಂದು ಯಾರೋ ಅವಸರಿಸಿದರು.

“ಅರ್ಥಿಂಗ್ ಕೊಡದ ಚಾಲೂ ಮಾಡಿದ್ರ ಅಂವ ಎದ್ದು ಬೈತಾನ,” ಎಂದ. ನಗಲು ಹೋದವರು ತಲೆ ತಗ್ಗಿಸಿದರು.

*

ಎಪ್ಪತ್ತನಾಲ್ಕರಲ್ಲಿ ದಸ್ತಗೀರ್, ಸುಂಕಪ್ಪ ಇಬ್ಬರೂ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಲೈಸೆನ್ಸಿಲ್ಲದವನಿಗೆ ಆಸ್ಪತ್ರೆ, ಬ್ಯಾಂಕುಗಳ ಎ.ಸಿ. ಕೆಲಸ ಸಿಗುತ್ತಿರಲಿಲ್ಲ. ಪರೀಕ್ಷೆ ಗುಲ್ಬರ್ಗಾದಲ್ಲಿ, ಕನ್ನಡದಲ್ಲಿ. ದಸ್ತಗೀರ್ ಓದಿದ್ದು ಉರ್ದು ನಾಲ್ಕನೆಯ ಇಯತ್ತೆ. ಮೊದಲ ಸಲ ಪ್ರಶ್ನೆಗಳನ್ನೇ ಓದಲಾಗದೆ ಎದ್ದು ಬಂದ.

ಆಮೇಲೆ ಕನ್ನಡ ಶಾಲೆಗೆ ಹೋಗುತ್ತಿದ್ದ ಹನ್ನೊಂದರ ಶಹಜಾದಿ ಸ್ಲೇಟು ಹಿಡಿದು ಕಲಿಸಿದಳು. ಅವನು ತಪ್ಪಿದರೆ ಲೊಚಗುಟ್ಟುವಳು. ಅವನು ತಾನೇ ಕಿವಿ ಹಿಡಿದುಕೊಳ್ಳುವನು. ಎರಡನೆಯ ಸಲ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು ಚಿತ್ರದಲ್ಲಿ ಫೇಲಾದ. ತಂಪಿನ ಗ್ಯಾಸು ಕೊಳವೆಗಳಲ್ಲಿ ಸುತ್ತುವ ದಾರಿಯನ್ನು ಬರೆಯಬೇಕಿತ್ತು. ಆ ಕೊಳವೆಗಳನ್ನು ನೂರಾರು ಸಲ ಬೆಸೆದವನಿಗೆ ಅದರಲ್ಲೇ ಸೊನ್ನೆ.

ಮನೆಯಲ್ಲಿ ಅದನ್ನೇ ಮತ್ತೆ ಬರೆದು ತೋರಿಸಿದ. ಮಗಳು ಪುಸ್ತಕವನ್ನೂ ಹಾಳೆಯನ್ನೂ ಹೋಲಿಸಿ ಹೋಲಿಸಿ ನೋಡಿದಳು. ಕೊನೆಗೆ ಎದ್ದು ಹಾಳೆಯನ್ನು ಗೋಡೆಯ ಕನ್ನಡಿಗೆ ಹಿಡಿದಳು. ಅಲ್ಲಿ ಪುಸ್ತಕದ ಚಿತ್ರವೇ ಇತ್ತು. ಉರ್ದು ರೂಢಿಯ ಕೈ ಬಲತುದಿಯಿಂದ ಶುರುಮಾಡಿ ಬಾಣಗಳನ್ನೆಲ್ಲ ಎಡಕ್ಕೆ ಹರಿಸಿತ್ತು.

“ಕಾಕಾ, ಅಬ್ಬಾ ತಪ್ಪು ಬರ್ದಿಲ್ಲ,” ಎಂದಳು ಸುಂಕಪ್ಪನಿಗೆ. “ಆ ಕಡಿಯಿಂದ ಬರ್ದಾರ.”

ದಸ್ತಗೀರ್ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದ.

ಮೂರನೆಯ ಸಲ ಹೊರಟಾಗ ಅವಳು ಅವನ ಎಡಗೈಗೆ ದಾರ ಕಟ್ಟಿದಳು, ಈ ಕಡೆಯಿಂದ ಶುರುಮಾಡಲೆಂದು. ಬಸ್ಸಿನಲ್ಲಿ ಯಾವ ದರ್ಗಾದ್ದೆಂದು ಕೇಳಿದವರಿಗೆಲ್ಲ ಮನೆಯ ದರ್ಗಾದ್ದೆಂದನಂತೆ. ಆ ಸಲ ಲೈಸೆನ್ಸು ಬಂತು.

*

ಕಿಟಕಿಯಲ್ಲಿ ಎ.ಸಿ. ಯಂತ್ರ ಗುಂಯ್‌ಗುಟ್ಟತೊಡಗಿ ಗಂಟೆಯಾಗಿತ್ತು. ಸರಳು ಕೊಯ್ದ ಕಿಂಡಿಯ ಸಂದುಗಳಿಗೆ ಗೋಣಿಚೀಲ ತುರುಕಿದ್ದರು. ಒಳಗೆ ಹೆಂಗಸರು ಸೆರಗು ಹೊದ್ದು ಕೂತರು. ಸುಂಕಪ್ಪ ಮೀಟರಿನ ಬಳಿಯಿಂದ ಕದಲದೆ, ವೈರು ಬಿಸಿಯಾಗಿದೆಯೇ ಎಂದು ಬೆರಳಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಮಧ್ಯಾಹ್ನದ ನಮಾಜು ಮುಗಿಯಿತು. ಹೊರುವವರು ಓಣಿಯಲ್ಲಿ ನೆರಳು ಹುಡುಕಿ ನಿಂತರು. ದೇವದುರ್ಗದ ಬಸ್ಸು ಬಂದಿರಲಿಲ್ಲ. ಇನ್ನು ಕಾಯುವುದು ಸರಿಯಲ್ಲವೆಂದು ಗುಜುಗುಜು ಎದ್ದಾಗ ಬುರ್ಹಾನುದ್ದೀನ್ ಪರದೆ ಸರಿಸಿ ಒಳಗೆ ಹೋದರು. ಬಗ್ಗಿ ದಸ್ತಗೀರನ ಹಣೆ ಮುಟ್ಟಿದರು. ಖಾಸಿಂ ಬೀ ಅವರ ಕೈಯನ್ನೇ ನೋಡುತ್ತಿದ್ದಳು.

ಹೊರಗೆ ಬಂದು, “ಸಂಜಿ ನಮಾಜಿನ ಮುಂದ ಒಯ್ಯೋಣು. ಹುಡುಗಿ ಬರ್ಲಿ,” ಎಂದರು.

ಎರಡೂವರೆಗೆ ಶಹಜಾದಿ ಬಂದಳು, ರೆಪ್ಪೆಯ ಮೇಲೂ ಬಸ್ಸಿನ ಧೂಳು. ಅಳುತ್ತಾಳೆಂದು ಹೆಂಗಸರು ಕಾದರು. ಅವಳು ತಂದೆಯ ಪಕ್ಕದಲ್ಲಿ ಕೂತು ಕೆನ್ನೆಗೆ ಅಂಗೈಯಿಟ್ಟಳು. ಇಟ್ಟ ಕೈ ತೆಗೆಯದೆ, ಗಾಳಿ ಬರುವ ಕಡೆ ತಲೆಯೆತ್ತಿ ನೋಡಿದಳು.

ಆಮೇಲೆ ಎದ್ದು ಕಿಟಕಿಗೆ ಹೋಗಿ, ಯಂತ್ರದ ಬಾಯಿಯ ಪಟ್ಟಿಗಳನ್ನು ಒಂದೊಂದಾಗಿ ಮೇಲಕ್ಕೆ ತಿರುಗಿಸಿದಳು, ಥಂಡಿ ಗಾಳಿ ಅವನ ಮುಖಕ್ಕೆ ಬೀಸದಂತೆ.