ಒಂದಕ್ಕೆರಡು ಔಷಧ

ಬೆಳಿಗ್ಗೆ ಹಾಲು ಕರೆಯಲು ಹೋದ ಲತಾಮಣಿಗೆ ಎಮ್ಮೆಯ ಪಕ್ಕ ಕರು ಕಾಲು ಚಾಚಿ ಬಿದ್ದಿರುವುದು ಕಂಡಿತು. ಮುಟ್ಟಿದಳು, ತಣ್ಣಗಿತ್ತು. ಹಿಂದಿನ ದಿನವೆಲ್ಲ ಅದು ಸಗಣಿ ಹಾಕದೆ, ಹೊಟ್ಟೆಗೆ ಒದ್ದುಕೊಳ್ಳುತ್ತ ಒದ್ದಾಡಿತ್ತು.

“ಯಾರ್ದೋ ಕಣ್ಣು ಬಿದ್ದೈತೆ,” ಎಂದು ನೋಡಲು ಬಂದ ಹೆಂಗಸರಿಗೆಲ್ಲ ಹೇಳಿದಳು. ಮಾಗಡಿ ಬಳಿಯ ಆ ಊರಿನಲ್ಲಿ ದನಕರುಗಳಿಗೆ ಏನೇ ಆದರೂ ಮೊದಲು ಅವಳನ್ನೇ ಕೇಳುತ್ತಿದ್ದರು. ಮಾತಾಡುವಾಗಲೂ ಅವಳ ಕೈ ಸೆರಗನ್ನು ಹಿಂಡುತ್ತಲೇ ಇತ್ತು.

ಗಂಡ ಗಂಗಹನುಮಯ್ಯ ಪಶುವೈದ್ಯೆ ಸುಚಿತ್ರಾರಿಗೆ ಫೋನ್ ಮಾಡಿದ.

“ಸತ್ತಿರೋದನ್ನ ಕುಯ್ದು ಏನ್ ನೋಡದೈತೆ? ಹೂತ್ಬುಡಿ,” ಎಂದಳು ಲತಾಮಣಿ.

“ಎಮ್ಮೆಗೂ ಅಂಟೋ ಕಾಯ್ಲೆ ಆಗಿದ್ರೆ? ನೋಡ್ಲಿ ಸುಮ್ಕಿರು.”

ಸುಚಿತ್ರಾ ಬಂದು ಹಿತ್ತಿಲಲ್ಲಿ ಕರುವಿನ ಹೊಟ್ಟೆ ಬಿಡಿಸಿದರು. ಸಣ್ಣ ಕರುಳು ಒಂದು ಕಡೆ ಹಗ್ಗದಂತೆ ಗಟ್ಟಿಯಾಗಿತ್ತು. ಸೀಳಿದಾಗ ಶಾವಿಗೆಯ ಉಂಡೆಯಂತೆ ಬಿಳಿ ಹುಳುಗಳ ಗಂಟು ಹೊರಬಿತ್ತು. ಎಲ್ಲವೂ ಸತ್ತಿದ್ದವು.

“ಜಂತುಹುಳಕ್ಕೆ ಔಷಧ ಹಾಕಿದ್ರಾ?”

“ಹಾಕಿದ್ದೆ. ಹುಳ ಸತ್ತವಲ್ಲ ಡಾಕ್ಟ್ರೇ, ಮತ್ಯಾಕೆ ಕರು ಹೋಯ್ತು?”

“ಇಷ್ಟೊಂದು ಹುಳ ಒಟ್ಟಿಗೇ ಸತ್ರೆ ಆಚೆ ಬರೋಕೆ ಜಾಗ ಇರಲ್ಲಮ್ಮ. ಕರುಳಿಗೇ ಅಡ್ಡ ಕೂತ್ಕೊಳ್ತವೆ. ಎಷ್ಟು ಹಾಕಿದ್ರಿ?”

ಲತಾಮಣಿ ಗಂಡನ ಕಡೆ ನೋಡಲಿಲ್ಲ. “ಒಂದಕ್ಕೆರಡು. ಬೇಗ ವಾಸಿಯಾಗ್ಲಿ ಅಂತ.”

“ಔಷಧ ಬೇಕೇ ಬೇಕಿತ್ತು. ಆದ್ರೆ ಹುಟ್ಟಿದ ಹೊಸದ್ರಲ್ಲೇ, ಹುಳ ಹೆಚ್ಚೋಕೆ ಮುಂಚೆ, ತೂಕ ನೋಡಿ ಹಾಕ್ಬೇಕಿತ್ತು.”

ಅವರ ಮಾತು ಮುಗಿಯುವಷ್ಟರಲ್ಲಿ ಲತಾಮಣಿ ಎದ್ದು ಓಡಿದ್ದಳು. ಮೊನ್ನೆ ಸಂಜೆ ತನ್ನ ಕರುವಿಗೆ ಹಾಕಿ ಉಳಿದ ಔಷಧವನ್ನು ನಿನ್ನೆ ಬೆಳಿಗ್ಗೆಯೇ ಪಕ್ಕದ ಬೀದಿಯ ಅಕ್ಬರಿ ಬೇಗಂಗೆ ಕೊಟ್ಟು, ‘ಪೂರ್ತಿ ಹಾಕ್ಬುಡಿ’ ಎಂದು ಹೇಳಿ ಬಂದಿದ್ದಳು. ಅವರ ಕರುವಿಗೂ ಹುಳದಿಂದ ಹೊಟ್ಟೆ ಉಬ್ಬಿತ್ತು.

ಅಕ್ಬರಿ ಬೇಗಂ ಕರುವಿನ ಬಾಯಿ ಬಿಡಿಸಿ ಔಷಧ ತುಂಬಿದ ಬಿದಿರಿನ ಗೊಟ್ಟ ಎತ್ತಿದ್ದರು.

“ಹಾಕ್ಬೇಡಿ ಅಕ್ಬರಕ್ಕಾ!”

“ಯಾಕಮ್ಮಾ? ನೀನೇ ಹೇಳಿದ್ದಲ್ಲ?”

ಲತಾಮಣಿಗೆ ಏದುಸಿರು. ಔಷಧ ಹಳೇದು, ಕೆಟ್ಟೋಗೈತೆ ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿವರೆಗೂ ಬಂತು.

“ನಮ್ಮ ಕರು ಸತ್ತಿದ್ದು ಇದ್ನ ಜಾಸ್ತಿ ಹಾಕಿದ್ಕೇ.”

“ಬೆಳಿಗ್ಗೆ ಕಣ್ಣು ಬಿದ್ದೈತೆ ಅಂದ್ಯಂತೆ. ನಮ್ ಕಣ್ಣೇ ಅಂತೀಯೇನೋ ಅಂತ ನಾನು ಆ ಕಡೆ ಬರ್ಲೇ ಇಲ್ಲ,” ಎಂದರು ಅಕ್ಬರಿ ಬೇಗಂ.

“ಡಾಕ್ಟ್ರು ನಮ್ಮನೇಲೇ ಅವ್ರೆ, ತೋರ್ಸಾನ,” ಎಂದು ಲತಾಮಣಿ ತಲೆ ತಗ್ಗಿಸಿದಳು. ಅಕ್ಬರಿ ಬೇಗಂ ಗೊಟ್ಟ ಕೆಳಗಿಟ್ಟರು, ಕರುವಿನ ಹಗ್ಗ ಬಿಚ್ಚಿ ಅವಳ ಕೈಗೆ ಕೊಟ್ಟರು.

ಬೆಳಿಗ್ಗೆ ಬಂದಿದ್ದ ಹೆಂಗಸರು ಮನೆಯ ಹಿತ್ತಿಲಲ್ಲಿ ಇನ್ನೂ ನಿಂತಿದ್ದರು. ಲತಾಮಣಿ ಎಲ್ಲರ ನಡುವೆ ಕರುವನ್ನು ಸುಚಿತ್ರಾರ ಮುಂದೆ ತಂದು ನಿಲ್ಲಿಸಿದಳು.

“ಇದ್ಕೆ ಎಷ್ಟು ಕೊಡ್ಬೇಕು ಡಾಕ್ಟ್ರೇ? ನಂಗೆ ಗೊತ್ತಿಲ್ಲ.”